ಚೀಲದಲ್ಲಿ ಹೋದ ನೋವು

ಬ್ರಹ್ಮಸಮುದ್ರ
18 ಜನವರಿ 2004

ಮಗಳೇ ತನುಜಾ,

ಕಾಗದ ಅಂದ ಮೇಲೆ ‘ಈ ಕಡೆ ಎಲ್ಲರೂ ಕ್ಷೇಮ’ ಅಂತಲೇ ಶುರು ಮಾಡಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ನಿಮ್ಮಪ್ಪ ಕ್ಷೇಮ. ಹೋಟೆಲು ಕ್ಷೇಮ. ರುಬ್ಬುವ ಕಲ್ಲಿಗೂ ಏನೂ ಆಗಿಲ್ಲ. ಇನ್ನು ಉಳಿದವಳು ನಾನು, ಅದನ್ನು ಬರೆಯುವುದಕ್ಕೇ ಕೂತಿದ್ದೇನೆ.

ದೀಪಾವಳಿಯಿಂದ ಈಚೆಗೆ ನನಗೆ ಎದೆ ಬಿಗಿಯುತ್ತಿದೆ. ಬೋರಿನಿಂದ ನೀರು ಹೊತ್ತು ಹೋಟೆಲಿನ ಮೆಟ್ಟಿಲು ಹತ್ತುವಾಗ ಯಾರೋ ಬಂದು ಎದೆಯ ಮೇಲೆ ಕೂತ ಹಾಗಾಗುತ್ತದೆ. ಅಲ್ಲಿಂದ ದವಡೆಗೆ ಏರುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಈ ಚಳಿಯಲ್ಲೂ ರವಿಕೆ ಒದ್ದೆಯಾಗುವಷ್ಟು ಬೆವರು. ಕೊಡ ಇಳಿಸಿ ಗೋಡೆಗೆ ಒರಗಿ ನಿಂತರೆ ಮೆಲ್ಲಗೆ ಬಿಡುತ್ತದೆ. ಅಷ್ಟರಲ್ಲಿ ಒಳಗಿನಿಂದ “ಗೌರಕ್ಕಾ, ಇಡ್ಲಿ ಏನಾತು?” ಅಂತ ಯಾರಾದರೂ ಕೂಗಿರುತ್ತಾರೆ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಅನ್ನಬೇಡ. ಎಸ್‌ಟಿಡಿ ಬೂತು ಇರುವುದು ಬಸ್ ಸ್ಟಾಪಿನಲ್ಲಿ. ಅಲ್ಲಿ ನಿಂತು ‘ನನ್ನ ಎದೆ’ ಅಂತ ಕೂಗಿದರೆ ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡುತ್ತಾರೆ.

ನಮ್ಮೂರಿನ ಪದ್ಧತಿ ನೀನು ಮರೆತಿರಲಾರೆ. ನಿಮ್ಮಪ್ಪ ಸೋಮವಾರ ಸೋಮವಾರ ರವೆ, ಬೇಳೆ, ಎಣ್ಣೆ ತರಲು ಕಲ್ಯಾಣದುರ್ಗಕ್ಕೆ ಹೋಗುವಾಗ ಬೀದಿಯ ಹೆಂಗಸರ ನೋವೆಲ್ಲ ಅವರ ಚೀಲದಲ್ಲೇ ಹೋಗುವುದು. ಹೆಂಗಸು ಬಸ್ಸು ಹತ್ತಿದರೆ ಅವತ್ತಿನ ಕೂಲಿ ಹೋಯಿತು, ಮನೆಯ ಒಲೆ ಆರಿತು. ಗಂಡಸೊಬ್ಬ ಹೇಗೂ ಹೋಗುತ್ತಿದ್ದಾನಲ್ಲ, ಹೇಳಿ ಮಾತ್ರೆ ತಂದರಾಯಿತು! ಬೀರಕ್ಕನ ಸೊಂಟ, ಆದೆಮ್ಮನ ತಲೆಸುತ್ತು, ಎಲ್ಲವನ್ನೂ ಡಾಕ್ಟರಿಗೆ ಒಪ್ಪಿಸಿ ಸಂಜೆ ಬೇಳೆಯ ಜೊತೆ ಪೊಟ್ಟಣ ತರುತ್ತಾರೆ. ಯಾರ ನೋವಾದರೂ ಮಾತ್ರೆ ಹಳದಿಯೇ. ಹೋದ ತಿಂಗಳು ಬೀರಕ್ಕನದು ಆದೆಮ್ಮನಿಗೆ, ಆದೆಮ್ಮನದು ಬೀರಕ್ಕನಿಗೆ ಹೋಗಿತ್ತು. ಇಬ್ಬರಿಗೂ ಏನೂ ವ್ಯತ್ಯಾಸವಾಗಲಿಲ್ಲ.

ನನ್ನದನ್ನೂ ಒಯ್ದರು. ಗ್ಯಾಸಿನ ಮಾತ್ರೆ ತಂದರು. ಏನಂತ ಹೇಳಿದಿರಿ ಅಂದೆ. “ಹೊಟ್ಟೆ ಮ್ಯಾಗ್ಲೆ ನೋವು ಅಂದೆ ಕಣೇ” ಅಂದರು. ನಾನು ಎದೆ ಅಂತ ಹೇಳಿದ್ದೆನಲ್ಲ ಅಂದರೆ, “ಪರಗಂಡಸಿನ ಮುಂದೆ ಹೆಂಡ್ತಿ ಎದೆ ಇಸ್ಯ ಹೆಂಗೆ ಹೇಳಾದು? ನಾಚ್ಕೆ ಆಗಕಿಲ್ವಾ?” ಅಂತ ನನ್ನನ್ನೇ ಬೈದರು. ನಾಚಿಕೆ ಅವರದು, ಮಾತ್ರೆ ನುಂಗುತ್ತಿರುವವಳು ನಾನು.

ನೀನು ಹೆದರಬೇಡ. ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ.

ನಿನ್ನ ಅಮ್ಮ


ಹಿಂದೂಪುರ
2 ಫೆಬ್ರವರಿ 2004

ಅಮ್ಮಾ,

ನಿನ್ನ ಕಾಗದ ಅಂಗಡಿಗೇ ಬಂತು. ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಚುತ್ತಾ ಓದಿದೆ. ಹೆದರಬೇಡ ಅಂತ ಬರೆದಿದ್ದೀಯ, ಹೆದರಿದ್ದೇನೆ.

ನಿನ್ನ ಅಳಿಯ ಕೆಲಸ ಮಾಡುವ ರೇಷ್ಮೆ ಯೂನಿಟ್ಟಿನ ಮಾಲೀಕರಿಗೆ ಹೋದ ವರ್ಷ ಹೀಗೇ ಆಗಿತ್ತು. ನೀನು ಬರೆದ ಹಾಗೆಯೇ, ಎದೆ ಬಿಗಿತ, ದವಡೆ, ಎಡಗೈ, ಬೆವರು. ಅದು ಹೃದಯದ್ದು ಅಂತ ಕಾರಿನಲ್ಲಿ ಬೆಂಗಳೂರಿಗೆ ಓಡಿಸಿದರು. ಈಗ ಆರಾಮಾಗಿ ಎದ್ದು ಬಯ್ಯುತ್ತಾ ಓಡಾಡಿಕೊಂಡಿದ್ದಾರೆ. ಇಲ್ಲಿನವರು ಕೇಳಿದ ಕೂಡಲೇ ‘ಮೊದಲು ಇಸಿಜಿ ತೆಗೆಸಬೇಕು’ ಅನ್ನುತ್ತಾರೆ.

ಅಪ್ಪನ ಬಾಯಲ್ಲಿ ಕಳಿಸಬೇಡ, ನೀನೇ ಹೋಗು. ಎದೆ ಅಂತ ನೀನೇ ಹೇಳು. ನಮ್ಮ ಅಂಗಡಿಯ ಅಮೃತಾಳ ಕಥೆ ಕೇಳು. ಮುಟ್ಟಿನ ನೋವು ಅಂತ ಹೋದರೆ ಮದುವೆಯಾದರೆ ಸರಿಹೋಗುತ್ತೆ ಅಂದರು. ಮದುವೆಯಾಯಿತು. ಮಗುವಾದರೆ ಸರಿಹೋಗುತ್ತೆ ಅಂದರು. ಮಗುವೂ ಆಯಿತು. ಈಗ ಗರ್ಭಕೋಶ ತೆಗೆಸಿಬಿಡು, ಎಲ್ಲ ಸರಿಹೋಗುತ್ತೆ ಅನ್ನುತ್ತಿದ್ದಾರೆ. ನೋವು ಯಾಕೆ ಬಂತು ಅಂತ ಇವತ್ತಿನವರೆಗೆ ಒಬ್ಬರೂ ನೋಡಿಲ್ಲ.

ಒಂದು ದಿನ ಹೋಟೆಲು ಮುಚ್ಚಿದರೆ ಊರೇನೂ ಉಪವಾಸ ಬೀಳುವುದಿಲ್ಲ. ಹೋಗಿ ಬಾ, ಬರೆ.

ತನುಜಾ


ಬ್ರಹ್ಮಸಮುದ್ರ
24 ಫೆಬ್ರವರಿ 2004

ತನುಜಾ,

ಹೋಗಿ ಬಂದೆ ತಾಯಿ. ಹೋಗಿ ನಿಂತು ಬಂದೆ ಅನ್ನಬೇಕು, ಯಾಕೆಂದರೆ ಅಲ್ಲಿ ಕೂರುವ ಹಾಗಿಲ್ಲ. ಡಾಕ್ಟರ ಮೇಜಿನ ಮುಂದೆ ಒಂದೇ ಕುರ್ಚಿ. ಅದರಲ್ಲಿ ಗಂಡ ಕೂರುತ್ತಾನೆ, ಹೆಂಡತಿ ಹಿಂದೆ ನಿಲ್ಲುತ್ತಾಳೆ. ಯಾರೂ ಹಾಗೆ ಮಾಡಿ ಅಂತ ಬೋರ್ಡು ಹಾಕಿಲ್ಲ. ನಮ್ಮ ಮುಂದೆ ಹೋದವರೂ ಹಾಗೇ, ನಾವೂ ಹಾಗೇ.

ಡಾಕ್ಟರು ನಿಮ್ಮಪ್ಪನನ್ನು ನೋಡಿ “ಏಮಯ್ಯಾ ಓಬಣ್ಣ, ಏಮಿ ಕಥ?” ಅಂತ ತೆಲುಗಿನಲ್ಲೇ ಸಮಾಚಾರ ಕೇಳಿದರು. ಹಿಂದಿನಿಂದ ನಾನೇ ಹೇಳಿದೆ. ಎದೆ, ದವಡೆ, ಎಡಗೈ, ಮೆಟ್ಟಿಲು, ಬೆವರು, ಎಲ್ಲ. ಡಾಕ್ಟರು ನನ್ನ ಮಾತು ಕೇಳಿಸಿಕೊಂಡರು, ನೋಡಿದ್ದು ಮಾತ್ರ ನಿಮ್ಮಪ್ಪನನ್ನು. ನನಗೆ ಮುಟ್ಟು ನಿಂತಿದೆಯಾ ಅಂತಲೂ ನಿಮ್ಮಪ್ಪನನ್ನೇ ಕೇಳಿದರು! ಆ ಪುಣ್ಯಾತ್ಮ ಮೇಲೆ ತಿರುಗುವ ಫ್ಯಾನು ನೋಡುತ್ತಾ ಕೂತರು. ನಾನೇ, ನಿಲ್ಲುತ್ತಾ ಬಂದಿದೆ ಸಾರ್ ಅಂದೆ. ಅಷ್ಟು ಸಾಕಾಯಿತು. “ಅದೀ ಸಂಗತಿ” ಅಂತ ಪೆನ್ನು ತೆಗೆದರು. ಸೆರಗಿನ ಮೇಲೆಯೇ ಕೊಳವೆ ಇಟ್ಟು, ಇಟ್ಟಷ್ಟೇ ಬೇಗ ತೆಗೆದರು.

ಮೂಲೆಯಲ್ಲಿ ಹಸಿರು ಬಟ್ಟೆ ಹೊದಿಸಿದ ಮೆಷಿನ್ನು ಇತ್ತು. ನೀನು ಬರೆದಿದ್ದೆಯಲ್ಲ ಅಂತ ಧೈರ್ಯ ಮಾಡಿ, ಇಸಿಜಿ ತೆಗೆಯುತ್ತೀರಾ ಸಾರ್ ಅಂದೆ. ಡಾಕ್ಟರು ನಕ್ಕರು. “ಅದಂತಾ ಅವಸರಂ ಲೇದಮ್ಮಾ. ನೀದಿ ಒಟ್ಟಿ ಭಯಂ.” ಅಗತ್ಯವಿಲ್ಲವಂತೆ, ನನ್ನದು ಬರೀ ಭಯವಂತೆ. ಆಮೇಲೆ ನಿಮ್ಮಪ್ಪನಿಗೆ, ಈ ವಯಸ್ಸಿನ ಹೆಂಗಸರು ಹೀಗೇ, ಸ್ವಲ್ಪ ಮಾತಾಡಿಸಿಕೊಂಡಿರು ಅಂದರು. ಒಂದು ಬಲದ ಇಂಜೆಕ್ಷನ್ನು, ಒಂದು ಟಾನಿಕ್ಕು. ಚೀಟಿಯ ಮೇಲೆ ಹೆಸರು ಬರೆದಿದ್ದರು, ‘ಓಬಣ್ಣ ಭಾರ್ಯ’ ಅಂತ.

ನಿಮ್ಮಪ್ಪ ಮಾತ್ರ ಹೇಳಿದ ಹಾಗೆ ಮಾಡುತ್ತಿದ್ದಾರೆ. ದಿನಾ ಬೆಳಗ್ಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು “ಏನೇ, ಹೆಂಗಿದೀಯ?” ಅಂತ ಮಾತಾಡಿಸುತ್ತಾರೆ. ನಾನು ಕೊಡ ಹೊತ್ತುಕೊಂಡೇ ಉತ್ತರ ಕೊಡುತ್ತೇನೆ.

ಅಮ್ಮ


ಹಿಂದೂಪುರ
6 ಮಾರ್ಚ್ 2004

ಅಮ್ಮಾ,

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಇದೇ ನೋವನ್ನು ಅಪ್ಪ ತನ್ನದು ಅಂತ ಹೇಳಿಕೊಂಡು ಹೋಗಲಿ. ಎದೆ ಅನ್ನಲಿ, ಎಡಗೈ ಅನ್ನಲಿ. ಆ ಹಸಿರು ಬಟ್ಟೆ ಎಷ್ಟು ಬೇಗ ಸರಿಯುತ್ತದೋ ನೋಡು. ನೋವು ಹೆಂಗಸಿನ ಮೈಯಲ್ಲಿದ್ದರೆ ಭಯ, ಗಂಡಸಿನ ಮೈಯಲ್ಲಿದ್ದರೆ ಕಾಯಿಲೆ. ಅಷ್ಟೇ ತಾನೇ?

ನೀನು ಇಲ್ಲಿಗೆ ಬಾ. ಲಗ್ನದ ಸೀಸನ್ನು, ಅಂಗಡಿಯಲ್ಲಿ ಒಂದು ದಿನವೂ ರಜೆ ಕೊಡುತ್ತಿಲ್ಲ, ಇಲ್ಲದಿದ್ದರೆ ನಾನೇ ಬಂದು ಎಳೆದುಕೊಂಡು ಬರುತ್ತಿದ್ದೆ.

ತನುಜಾ


ಬ್ರಹ್ಮಸಮುದ್ರ
30 ಮಾರ್ಚ್ 2004

ಮಗಳೇ,

ನೀನು ಕೋಪದಲ್ಲಿ ಬರೆದಿದ್ದನ್ನು ನಾವು ಮಾಡಿಯೇ ಬಿಟ್ಟೆವು!

ಯುಗಾದಿಯ ಹಿಂದಿನ ದಿನ ನೀರು ತರುವಾಗ ಕೊಡ ಕೈಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿಮ್ಮಪ್ಪ ಗಲ್ಲಾದಿಂದ ಎದ್ದು ಬಂದರು. ನನ್ನ ಮುಖ ನೋಡಿ ಅವರ ಮುಖವೇ ಬಿಳಿಚಿಕೊಂಡಿತು. “ದಿನಾ ಹಿಂಗೇ ಆಯ್ತದೇನೇ?” ಅಂದರು. ಐದು ತಿಂಗಳಿಂದ ಹೇಳುತ್ತಿದ್ದೇನೆ, ಕಣ್ಣಿಗೆ ಬಿದ್ದದ್ದು ಅವತ್ತು. ಆಗ ನಿನ್ನ ಕಾಗದ ತೆಗೆದು ಓದಿದೆ. ಮೊದಲು “ಥೂ, ಸುಳ್ಳಾ?” ಅಂದರು. ರಾತ್ರಿ ಊಟಕ್ಕೆ ಕೂತಾಗ ತಾವೇ “ಏನಂತ ಹೇಳ್ಬೇಕು, ಹೇಳ್ಕೊಡು” ಅಂದರು. ನಾಟಕದ ಮಾತು ಕಲಿಸಿದ ಹಾಗೆ ಕಲಿಸಿದೆ.

ಸೋಮವಾರ ಹೋದವರು ಬಂದು ಹೇಳಿದ್ದನ್ನು ಕೇಳು. ತಮ್ಮ ಎದೆ ಅಂದಾಗ ನಾಚಿಕೆ ಎಲ್ಲಿ ಹೋಯಿತೋ, ಅಂಗಿ ಗುಂಡಿ ಬಿಚ್ಚಿ ಅಂಗೈಯಲ್ಲಿ ತಟ್ಟಿಕೊಂಡೇ ತೋರಿಸಿದರಂತೆ. “ಡಾಕ್ಟ್ರು ಕುರ್ಚಿಯಿಂದ ಎದ್ಬುಟ್ರು ಕಣೇ! ನಾನು ಮುಗ್ಸೋಕ್ಮುಂಚೆನೇ ಮಂಚದ ಮ್ಯಾಲೆ ಮಲಗ್ಸಿ ವೈರು ಹಾಕ್ಬುಟ್ರು.” ಮೆಷಿನ್ನು ಎಲ್ಲ ಸರಿಯಾಗಿದೆ ಅಂದಿತಂತೆ. ಆದರೆ ಡಾಕ್ಟರು ಒಪ್ಪಲಿಲ್ಲ. ಕಾಗದ ಚೆನ್ನಾಗಿದೆ ಅಂತ ಬಿಡುವುದಕ್ಕಾಗುವುದಿಲ್ಲ, ನೀನು ಹೇಳುತ್ತಿರುವುದು ಖಂಡಿತ ಹೃದಯದ್ದೇ ಅಂದರಂತೆ. ಕೇಳಿದೆಯಾ? ಅದೇ ಮಾತು, ಅದೇ ಡಾಕ್ಟರು. ನಿಮ್ಮಪ್ಪನ ಬಾಯಿಂದ ಬಂದಾಗ ಮೆಷಿನ್ನಿಗಿಂತ ಮಾತೇ ಸತ್ಯವಾಯಿತು.

ಅನಂತಪುರಕ್ಕೆ ಹೋಗಿ ಓಡುವ ಮೆಷಿನ್ನಿನ ಮೇಲೆ ಪರೀಕ್ಷೆ ಮಾಡಿಸಬೇಕಂತೆ. ಅಲ್ಲಿಯವರೆಗೆ ಭಾರ ಎತ್ತಬಾರದು, ಉಪ್ಪು ಕಡಿಮೆ. ದಿನಕ್ಕೆ ನುಂಗಲು ಮಾತ್ರೆ, ನೋವು ಬಂದಾಗ ನಾಲಗೆ ಕೆಳಗಿಡಲು ಸಣ್ಣ ಮಾತ್ರೆ.

ಮಾರನೆಯ ಬೆಳಗ್ಗೆ ಮೆಟ್ಟಿಲ ಹತ್ತಿರ ನೋವು ಬಂತು. ಆ ಸಣ್ಣ ಮಾತ್ರೆ ನಾಲಗೆ ಕೆಳಗಿಟ್ಟುಕೊಂಡೆ. ಎದೆಯ ಮೇಲೆ ಕೂತಿದ್ದವರು ಎದ್ದು ಹೋದರು, ತನುಜಾ. ನಾನು ಅತ್ತುಬಿಟ್ಟೆ. ಸುಖಕ್ಕಲ್ಲ. ಇದು ಭಯವಾಗಿದ್ದರೆ ಮಾತ್ರೆಗೆ ಹೋಗುತ್ತಿತ್ತೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮಲ್ಲಿ ಎಮ್ಮೆಗೆ ಜ್ವರ ಬಂದಿದೆ, ಮದ್ದು ಎತ್ತಿನ ಹೆಸರಲ್ಲಿ ಬಂದಿದೆ. ಹೇಗೋ ಬಂತಲ್ಲ.

ಅಮ್ಮ


ಹಿಂದೂಪುರ
14 ಏಪ್ರಿಲ್ 2004

ಅಮ್ಮಾ,

ಅಂಗಡಿಯಲ್ಲಿ ಗಟ್ಟಿಯಾಗಿ ನಕ್ಕು ಬೈಸಿಕೊಂಡೆ. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಮಾತ್ರೆ ಕೆಲಸ ಮಾಡಿತು ಅಂದರೆ ಏನರ್ಥ ಯೋಚಿಸು. ಇದು ಹೃದಯದ್ದೇ. ಆ ವೈರು ನಿನ್ನ ಎದೆಗೆ ಹಾಕಬೇಕು, ಅಪ್ಪನ ಎದೆಗಲ್ಲ. ಇನ್ನೊಬ್ಬರ ಚೀಟಿಯಲ್ಲಿ ಎಷ್ಟು ದಿನ ಬದುಕುತ್ತೀಯ? ಈ ಲಗ್ನಗಳು ಮುಗಿಯಲಿ, ಬಂದುಬಿಡು.

ತನುಜಾ


ಬ್ರಹ್ಮಸಮುದ್ರ
21 ಮೇ 2004

ತನುಜಾ,

ಬರಲು ಆಗಿಲ್ಲ. ಮನೆಯಲ್ಲಿ ಹೃದ್ರೋಗಿ ಇದ್ದಾರಲ್ಲ.

ನಗಬೇಡ, ನಿಜ ಹೇಳುತ್ತಿದ್ದೇನೆ. ಬೂತಿನ ಯರ್ರಿಸ್ವಾಮಿ ಊರೆಲ್ಲ ಸುದ್ದಿ ಮಾಡಿದ, ‘ಓಬಣ್ಣನಿಗೆ ಹಾರ್ಟಂತೆ’ ಅಂತ. ಜನ ಬಂದರು. ಸೇಬು ತಂದರು, ಎಳನೀರು ತಂದರು. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ನಿನ್ನ ದೊಡ್ಡಪ್ಪನೂ ಬಂದು ಕಣ್ಣೀರು ಹಾಕಿಹೋದರು. ಮೊದಮೊದಲು ನಿಮ್ಮಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಆಮೇಲೆ ಮಿಟುಕಿಸುವುದು ನಿಂತಿತು. ಗಿರಾಕಿ ಒಳಗೆ ಬಂದರೆ ಕೈ ತಾನಾಗಿ ಎದೆಗೆ ಹೋಗುತ್ತದೆ. ಭಾರ ಎತ್ತಬೇಡ ಅಂದಿದ್ದಾರಲ್ಲ, ಬಸ್ಸಿನಿಂದ ರವೆ ಮೂಟೆ ಇಳಿಸುವುದೂ ಈಗ ನನ್ನದೇ. “ಇರ್ಲಿ ಬುಡೇ, ಜನ ನೋಡ್ತವ್ರೆ” ಅನ್ನುತ್ತಾರೆ. ಅವರಿಗೆ ಉಪ್ಪಿಲ್ಲದ ಸಾರು ಬೇರೆ ಮಾಡಬೇಕು. ಹೀಗೆ ನನ್ನ ಕಾಯಿಲೆಗೆ ನಾನೇ ಸೇವೆ ಮಾಡುತ್ತಿದ್ದೇನೆ, ಅದು ಮಾತ್ರ ಬೆಂಚಿನ ಮೇಲೆ ಮಲಗಿದೆ.

ಹೋದ ವಾರ ಯರ್ರಿಸ್ವಾಮಿ ಜೊತೆ ಅನಂತಪುರಕ್ಕೆ ಹೋಗಿ ಬಂದರು. ಮೆಷಿನ್ನಿನ ಮೇಲೆ ಜಿಂಕೆ ಹಾಗೆ ಓಡಿದರಂತೆ. ಹೃದಯ ಗಟ್ಟಿಯಾಗಿದೆ, ಏನೂ ಇಲ್ಲ ಅಂತ ರಿಪೋರ್ಟು. ಕಲ್ಯಾಣದುರ್ಗದ ಡಾಕ್ಟರು ಕೈ ಕುಲುಕಿ, ಮಾತ್ರೆಗಳನ್ನೆಲ್ಲ ನಿಲ್ಲಿಸಿಬಿಟ್ಟರು. ನಿಮ್ಮಪ್ಪ ಖುಷಿಯಿಂದ ಹೋಟೆಲಿಗೆ ಬಂದವರಿಗೆಲ್ಲ ಮೈಸೂರುಪಾಕು ಹಂಚಿದರು. ಹಿಟ್ಟು ಹುರಿದು, ತುಪ್ಪ ಹೊಯ್ದು, ಕೈ ಬಿಡದೆ ತಿರುವಿ ಅದನ್ನು ಮಾಡಿದವಳು ನಾನೇ.

ಅವರಿಗೆ ಗುಣವಾಯಿತು, ನನ್ನ ಮಾತ್ರೆ ನಿಂತಿತು. ನಾಲಗೆ ಕೆಳಗಿನದು ಸ್ವಲ್ಪ ಉಳಿದಿದೆ, ತೀರಾ ತಡೆಯಲಾರದಾಗ ಅರ್ಧ ಮಾಡಿ ಇಟ್ಟುಕೊಳ್ಳುತ್ತೇನೆ. ಇನ್ನು ನಾಟಕ ಸಾಕು. ಇಬ್ಬರೂ ಹೋಗಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂದಿದ್ದೇನೆ. ನಿಮ್ಮಪ್ಪ ಹೂಂ ಅಂದಿದ್ದಾರೆ.

ಅಮ್ಮ


ಬ್ರಹ್ಮಸಮುದ್ರ
16 ಜೂನ್ 2004

ತನುಜಾ,

ಮೊನ್ನೆ ಹೋಗಿ ಬಂದೆವು. ಬರೆಯಲು ಮನಸ್ಸಿರಲಿಲ್ಲ, ಆದರೂ ನಿನಗೆ ಬರೆಯದೆ ಇನ್ಯಾರಿಗೆ ಬರೆಯಲಿ.

ಅದೇ ಕುರ್ಚಿ, ಅದರಲ್ಲಿ ನಿಮ್ಮಪ್ಪ. ಅದೇ ಜಾಗದಲ್ಲಿ ಹಿಂದೆ ನಾನು. ಯರ್ರಿಸ್ವಾಮಿಯೂ ಯಾವುದೋ ಕೆಮ್ಮಿನ ನೆಪ ಹೇಳಿ ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಮತ್ತೆ ಎಲ್ಲ ಹೇಳಿದೆ, ಎದೆ, ದವಡೆ, ಎಡಗೈ. ಡಾಕ್ಟರು ಕೈ ಎತ್ತಿ ನಿಲ್ಲಿಸಿದರು. ನಿನ್ನ ಗಂಡನದ್ದು ನೋಡಿ ಹೆದರಿಕೊಂಡಿದ್ದೀಯಮ್ಮಾ, ಅವನು ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳುತ್ತಿದ್ದೀಯ ಅಂದರು. ಹೆಂಗಸರಲ್ಲಿ ಇದು ಇದ್ದದ್ದೇ, ಗಂಡನಿಗೆ ಬಂದದ್ದು ತನಗೂ ಬಂತು ಅಂದುಕೊಳ್ಳುತ್ತಾರೆ, ಅದೂ ಒಂದು ಪ್ರೀತಿ ಅಂತ ನಕ್ಕರು.

ನನ್ನದೇ ಮಾತು, ಮಗಳೇ. ನಾನು ಹೇಳಿಕೊಟ್ಟ ಮಾತು. ಅದನ್ನು ನಾನು ಕದ್ದೆ ಅಂತಾಯಿತು.

ಆಗ ಹೇಳಿದೆ. “ಅವತ್ತು ಇವ್ರು ಹೇಳಿದ್ದು ನನ್ನ ನೋವು ಸಾರ್. ಇವ್ರಿಗೇನೂ ಇರ್ಲಿಲ್ಲ. ನಾನೇ ಹೇಳ್ಕೊಟ್ಟು ಕಳ್ಸಿದ್ದೆ. ಮಾತ್ರೆ ತಿಂದೋಳೂ ನಾನೇ.” ಡಾಕ್ಟರು ನಗು ನಿಲ್ಲಿಸಿ ನಿಮ್ಮಪ್ಪನ ಕಡೆ ತಿರುಗಿದರು. “ನಿಜಮಾ, ಓಬಣ್ಣಾ?”

ನಿಮ್ಮಪ್ಪ ಫ್ಯಾನು ನೋಡಿದರು. ಬಾಗಿಲಲ್ಲಿ ನಿಂತ ಯರ್ರಿಸ್ವಾಮಿಯನ್ನು ನೋಡಿದರು. ಆಮೇಲೆ ಅಂದರು, “ಅವ್ಳು ಹಂಗೇ ಸಾರ್. ಏನಾರಾ ಒಂದು ಹೇಳ್ತಿರ್ತಾಳೆ.”

ಅಷ್ಟೇ. ಡಾಕ್ಟರು ನಿದ್ದೆಯ ಮಾತ್ರೆ ಬರೆದರು. ಚೀಟಿಯಲ್ಲಿ ಓಬಣ್ಣ ಭಾರ್ಯ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಸಮಾಧಾನ ಹೇಳಿದರು. “ನಾನು ಸುಳ್ಳು ಹೇಳಿದ್ದೆ ಅಂತ ಗೊತ್ತಾದ್ರೆ ನಮ್ಮೂರೋರ್ನ ಆ ಡಾಕ್ಟ್ರು ಇನ್ಮ್ಯಾಕೆ ಒಳಕ್ಕೇ ಬಿಡಾಕಿಲ್ಲ ಕಣೇ. ಮೈಸೂರುಪಾಕು ಬ್ಯಾರೆ ಹಂಚ್ಬುಟ್ಟಿದೀನಿ. ಜನ ಏನಂದಾರು?” ನನಗೆ ತುಂಬಾ ಬೆವರುತ್ತಿತ್ತು, ಕಿಟಕಿಯ ಸರಳಿಗೆ ಹಣೆ ಇಟ್ಟುಕೊಂಡು ಊರು ಬರುವ ತನಕ ಕಣ್ಣು ಬಿಡಲಿಲ್ಲ. ಸಿಟ್ಟು ಮಾಡಿಕೊಂಡಿದ್ದೇನೆ ಅಂದುಕೊಂಡರು.

ಆಮೇಲಿನಿಂದ ತುಂಬಾ ಸುಸ್ತು. ಹಿಟ್ಟು ರುಬ್ಬಲು ಬೀರಕ್ಕ ಬರುತ್ತಿದ್ದಾಳೆ.

ಅಮ್ಮ


ಬ್ರಹ್ಮಸಮುದ್ರ
9 ಜುಲೈ 2004

ಮಗಳು ತನುಜಾಳಿಗೆ ನಿಮ್ಮ ತಂದೆ ಓಬಣ್ಣ ಬರೆದದ್ದು.

ನಿಮ್ಮಮ್ಮ ಮೊನ್ನೆ ಬೆಳಗ್ಗೆ ಇಡ್ಲಿ ಇಳಿಸಿ, ಚಟ್ನಿಗೆ ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು ಪಾವಗಡದ ಬಸ್ಸು ಹತ್ತಿದಳಂತೆ. ಯರ್ರಿಸ್ವಾಮಿ ನೋಡಿದನಂತೆ. ನಾನು ಗಲ್ಲಾದಲ್ಲೇ ಇದ್ದೆ, ನನಗೆ ಒಂದು ಮಾತು ಹೇಳಲಿಲ್ಲ. ಪಾವಗಡದ ಮೇಲೆ ನಿನ್ನಲ್ಲಿಗೇ ಬಂದಿರಬೇಕು. ಬೂತಿಗೆ ನೀನು ಫೋನೂ ಮಾಡಿಲ್ಲ. ಎರಡು ದಿನದಿಂದ ಹೋಟೆಲು ನಡೆಯುತ್ತಿಲ್ಲ, ಬೀರಕ್ಕ ಮಾಡಿದ ಚಟ್ನಿ ಯಾರೂ ಮುಟ್ಟುವುದಿಲ್ಲ. ನಾನೇನು ಹೊಡೆದೆನಾ, ಬೈದೆನಾ? ನಾಲ್ಕು ಜನರ ಮುಂದೆ ಮರ್ಯಾದೆ ಉಳಿಸಿಕೊಂಡೆ, ಅಷ್ಟೇ. ಸಿಟ್ಟು ಇಳಿದ ಮೇಲೆ ಬಸ್ಸು ಹತ್ತಿಸು.

ಓಬಣ್ಣ


ಹಿಂದೂಪುರ
15 ಜುಲೈ 2004

ಅಪ್ಪಾ,

ಫೋನು ಮಾಡದೆ ಇದ್ದದ್ದು ಬೇಕೆಂದೇ. ಯರ್ರಿಸ್ವಾಮಿಯ ಕಿವಿಗೆ ಇದು ಬೀಳುವುದು ಬೇಡವಿತ್ತು.

ಅಮ್ಮ ಇಲ್ಲಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು, ಏಳಲು ಆಗುತ್ತಿರಲಿಲ್ಲ. ನಾನೂ ನಿನ್ನ ಅಳಿಯ ಮುರಳಿಕೃಷ್ಣನೂ ಆಟೋದಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿ ಇಸಿಜಿ ತೆಗೆದರು. ಅಮ್ಮನ ಎದೆಗೆ ಮೊದಲ ಸಲ ಆ ವೈರು ಹಾಕಿದ್ದು ಅವತ್ತು. ಡಾಕ್ಟರು ಆ ಉದ್ದನೆಯ ಕಾಗದ ನೋಡಿ, ಇವರಿಗೆ ಹಿಂದೆಯೇ ಒಂದು ಸಲ ಹಾರ್ಟ್ ಅಟ್ಯಾಕ್ ಆಗಿ ಹೋಗಿದೆ ಅಂದರು. ಹೃದಯದ ಒಂದು ಭಾಗ ಸತ್ತಿದೆಯಂತೆ. ಅದು ಮತ್ತೆ ಬದುಕುವುದಿಲ್ಲ. ಇನ್ನು ಅಮ್ಮ ಕೊಡ ಎತ್ತುವ ಹಾಗಿಲ್ಲ, ರುಬ್ಬುವ ಹಾಗಿಲ್ಲ, ಮೆಟ್ಟಿಲು ಹತ್ತುವ ಹಾಗಿಲ್ಲ.

ಯಾವಾಗ ಆಗಿರಬಹುದು ಅಂತ ಕೇಳಿದರು. ಅಮ್ಮನಿಗೆ ಗೊತ್ತಿತ್ತು. ಕಲ್ಯಾಣದುರ್ಗದಿಂದ ವಾಪಸ್ಸು ಬರುವ ಬಸ್ಸಿನಲ್ಲಿ. ಮಾತ್ರೆ ಮುಗಿದಿತ್ತಂತೆ. ನೀನು ಪಕ್ಕದಲ್ಲೇ ಕೂತು ಸಮಾಧಾನ ಹೇಳುತ್ತಿದ್ದೆಯಂತೆ.

ಡಾಕ್ಟರು ಅಮ್ಮನಿಗೆ, “ಇಷ್ಟು ನೋವಿದ್ರೂ ಮೊದ್ಲೇ ಯಾಕಮ್ಮಾ ಯಾರಿಗೂ ಹೇಳ್ಲಿಲ್ಲ?” ಅಂತ ಬೈದರು. ಅಮ್ಮ ಗಟ್ಟಿಯಾಗಿ ನಕ್ಕಳು. ನಗು ನಿಲ್ಲಲೇ ಇಲ್ಲ. ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಇವರು ಯಾವಾಗಲೂ ಹೀಗೇನಾ ಅಂತ ಕೇಳಿದರು.

ಅಮ್ಮ ಬಸ್ಸು ಹತ್ತುವುದಿಲ್ಲ.

ತನುಜಾ


ಬ್ರಹ್ಮಸಮುದ್ರ
12 ಸೆಪ್ಟೆಂಬರ್ 2004

ತನುಜಾಳ ತಾಯಿಗೆ,

ತನುಜಾಳ ಕಾಗದ ಬಂದ ಮೇಲೆ ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದೆ. ಹೋಟೆಲು ಮುಚ್ಚಿದ್ದೇನೆ. ಮನೆಯಲ್ಲಿ ಅನ್ನ ಒಂದು ಹೊತ್ತು ಸೀಯುತ್ತದೆ, ಒಂದು ಹೊತ್ತು ಬೇಯುವುದಿಲ್ಲ.

ಈಗ ಹೇಳುವುದನ್ನು ನೀನು ನಂಬುತ್ತೀಯೋ ಇಲ್ಲವೋ. ಒಂದು ವಾರದಿಂದ ನನಗೆ ಎದೆ ಬಿಗಿಯುತ್ತಿದೆ. ನಿಜವಾಗಿ. ನೀರಿನ ಕೊಡ ನಾನೇ ತರಬೇಕಲ್ಲ, ಆ ಮೆಟ್ಟಿಲ ಹತ್ತಿರವೇ ಬರುತ್ತದೆ. ಯರ್ರಿಸ್ವಾಮಿಗೆ ಹೇಳಿದರೆ “ಮೆಷಿನ್ ಮ್ಯಾಲೆ ಓಡ್ದೋನು ಕಣಪ್ಪ ನೀನು” ಅಂತ ನಗುತ್ತಾನೆ. ಭಯವಾಗುತ್ತಿದೆ. ನೀನು ಬಂದರೆ ಧೈರ್ಯ. ಬಂದುಬಿಡು, ಕೊಡ ಎತ್ತುವುದು ಬೇಡ, ಒಲೆ ಮುಂದೆಯೂ ಕೂರುವುದು ಬೇಡ. ಸುಮ್ಮನೆ ಇದ್ದರೆ ಸಾಕು.

ಓಬಣ್ಣ


ಹಿಂದೂಪುರ
20 ಸೆಪ್ಟೆಂಬರ್ 2004

ತನುಜಾಳ ಅಪ್ಪನಿಗೆ,

ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಒಂದೇ ಮನೆಯಲ್ಲಿ ಇದ್ದವರಿಗೆ ಕಾಗದದ ಅವಶ್ಯಕತೆ ಬರಲಿಲ್ಲ, ಮಾತಿನ ಅವಶ್ಯಕತೆಯೂ ಅಷ್ಟಕ್ಕಷ್ಟೇ.

ನಂಬುತ್ತೀಯೋ ಇಲ್ಲವೋ ಅಂತ ಕೇಳಿದ್ದೀರಿ. ಓದಿದ ಕೂಡಲೇ ನಂಬಿದೆ. ಒಂದು ಪ್ರಶ್ನೆ ಕೇಳಲಿಲ್ಲ. ತನುಜಾ ನಿಮ್ಮ ಮೇಲೆ ಎಷ್ಟೇ ಸಿಟ್ಟಿದ್ದರೂ ಆಗಲೇ ಓಡಿಹೋಗಿ ಬೂತಿಗೆ ಫೋನು ಮಾಡಿದಳು. ನೀವು ಅವತ್ತು ಬೆಳಗ್ಗೆಯೇ ಕಲ್ಯಾಣದುರ್ಗಕ್ಕೆ ಹೋಗಿ ಬಂದಿರಂತೆ, ಮತ್ತೆ ವೈರು ಹಾಕಿ ನೋಡಿದರಂತೆ, ಮಾತ್ರೆ ಕೊಟ್ಟು ಮುಂದಿನ ಸೋಮವಾರ ಬಾ ಅಂದರಂತೆ. ಯರ್ರಿಸ್ವಾಮಿ ಹೇಳಿದ. ಎರಡನೇ ಸಲ ಹೋದರೂ ಹಸಿರು ಬಟ್ಟೆ ತೆಗೆದರಲ್ಲ, ಸಂತೋಷ. ಕೊಂಕಲ್ಲ, ನಿಜವಾಗಿಯೇ ಸಂತೋಷ. ಈ ನೋವು ಏನು ಅಂತ ನನಗೆ ಗೊತ್ತು, ಶತ್ರುವಿಗೂ ಬೇಡ. ಸಣ್ಣ ಮಾತ್ರೆ ಅಂಗಿ ಜೇಬಿನಲ್ಲೇ ಇಟ್ಟುಕೊಳ್ಳಿ. ನೀರು ತರಲು ಯಾರನ್ನಾದರೂ ಗೊತ್ತು ಮಾಡಿ.

ನಾನು ಬರುವ ಮಾತು. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಇಷ್ಟು ವರ್ಷ ಸಿಟ್ಟು ಬಂದಾಗಲೆಲ್ಲ ರುಬ್ಬುವ ಕಲ್ಲಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಈಗ ಅದಕ್ಕೂ ಡಾಕ್ಟರು ಬೇಡ ಅಂದಿದ್ದಾರೆ, ಹಾಗಾಗಿ ಅದು ನನ್ನ ಹತ್ತಿರವೇ ಇದೆ. ಮಾತ್ರೆ ತರದೆ ಇದ್ದದ್ದಕ್ಕಲ್ಲ. ಹೊಟ್ಟೆ ಅಂದದ್ದಕ್ಕೂ ಅಲ್ಲ. ಡಾಕ್ಟರು ‘ನಿಜಮಾ’ ಅಂತ ಕೇಳಿದಾಗ ನನ್ನ ಜೀವ ನಿಮ್ಮ ಒಂದು ಹೂಂ ಮೇಲೆ ನಿಂತಿತ್ತು. ನೀವು ಫ್ಯಾನು ನೋಡಿದಿರಿ.

ಮುಂದಿನ ಸೋಮವಾರ ಹೋಗುವಾಗ ಬೀರಕ್ಕನದು, ಆದೆಮ್ಮನದು ಒಯ್ಯಬೇಡಿ. ಅವರನ್ನೇ ಬಸ್ಸು ಹತ್ತಿಸಿ, ಕುರ್ಚಿಯಲ್ಲಿ ಕೂರಿಸಿ, ನೀವು ಹಿಂದೆ ನಿಲ್ಲಿ. ನನ್ನದೊಂದನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಇದೇ ಕೊನೆ. ಆ ಡಾಕ್ಟರಿಗೆ ಹೇಳಿ, ಯುಗಾದಿಯ ಹೊತ್ತಿನಲ್ಲಿ ನಾನು ನನ್ನದು ಅಂತ ಹೇಳಿದ್ದು ನನ್ನ ಹೆಂಡತಿಯ ನೋವು, ಅದರಲ್ಲಿ ಅವಳ ಹೃದಯದ ಒಂದು ಭಾಗ ಸತ್ತಿದೆ ಅಂತ. ಹೊಟ್ಟೆ ಅನ್ನಬೇಡಿ, ಎದೆ ಅನ್ನಿ. ನಾನು ಹೇಳಿ ನೋಡಿದ್ದೇನೆ, ಅವರು ನಂಬಲಿಲ್ಲ. ನೀವು ಹೇಳಿದರೆ ನಂಬುತ್ತಾರೆ. ನೀವು ಹೇಳಿದ ಸುಳ್ಳನ್ನೇ ನಂಬಿದವರು.

ಹೇಳಿದ ಮೇಲೆ ಒಂದು ಕಾರ್ಡು ಹಾಕಿ. ಬರುವುದು, ಬಿಡುವುದು ಆಮೇಲಿನ ಮಾತು.

ಡಾಕ್ಟರು ಬರೆದುಕೊಳ್ಳಲು ಪೆನ್ನು ತೆಗೆದು ‘ಓಬಣ್ಣ ಭಾರ್ಯ’ ಅಂತ ಶುರು ಮಾಡಿದರೆ ತಡೆಯಿರಿ. ಅವಳಿಗೆ ಹೆಸರಿದೆ ಅನ್ನಿ. ನಿಮ್ಮ ಬಾಯಲ್ಲಿ ಪರರ ಮುಂದೆ ಆ ಹೆಸರು ಒಂದು ಸಲವೂ ಬಂದಿಲ್ಲ, ಮರೆತಿದ್ದರೆ ಕೆಳಗೆ ಬರೆದಿದ್ದೇನೆ, ನೋಡಿಕೊಂಡು ಹೇಳಿ.

ಗೌರಕ್ಕ